ಕೂಗುಬಂಡೆಯ ಮೇಲೆ ಬಿಳಿ ಸೀರೆ

ಡೇರೆಯಲ್ಲಿ ಮಡಿ ಮಾಡುವುದು ಹೇಗೆ ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೆ ನಮ್ಮತ್ತೆ ಪಂಕಜಮ್ಮನವರು ಮಂಡ್ಯ ಬಿಡುವ ಮೊದಲೇ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದರು. ಹೇಳದೆ ಇದ್ದದ್ದರಿಂದ ಎಲ್ಲವನ್ನೂ ಅವರೇ ಅಲ್ಲಲ್ಲೇ ಗೊತ್ತುಮಾಡಬೇಕಾಯಿತು. ಅವರು ಗೊತ್ತುಮಾಡುವುದು, ನಾನು ಓಡಾಡುವುದು.

ಡೇರೆಯ ಹುಚ್ಚು ನನ್ನ ಯಜಮಾನರದು. ಇವರ ಹೆಸರು ಪಾರ್ಥಸಾರಥಿ; ಮಂಡ್ಯದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಾರೆ. ರಜೆ ಬಂತೆಂದರೆ ಇವರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಎಲ್ಲಿ ಬೆಟ್ಟ, ಎಲ್ಲಿ ಹೊಳೆ, ಎಲ್ಲಿ ಜಲಪಾತ ಎಂದು ನಕ್ಷೆ ಹರವಿಕೊಂಡು ಕೂತುಬಿಡುತ್ತಾರೆ. ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಊರಿನವರೆಲ್ಲ ದೀಪ ನೋಡಲು ಅಲ್ಲಿಗೆ ಹೋದರೆ ಇವರಿಗೆ ಅದು ಬೇಡ. ಕಾವೇರಿ ಗುಡ್ಡಗಳನ್ನು ಸೀಳಿಕೊಂಡು ಹೋಗುವ ಕೊರಕಲನ್ನು ನೋಡಬೇಕು, ಅದರ ದಂಡೆಯಲ್ಲೇ ನಾಲ್ಕು ದಿನ ಮಲಗಿ ಏಳಬೇಕು. ಸರ್ವೆಯಲ್ಲಿದ್ದ ಗೆಳೆಯರೊಬ್ಬರಿಂದ ಡೇರೆ ಕೇಳಿ ತಂದರು. "ಮನೆ ಮಠ ಇಲ್ಲದವರು ಬಯಲಲ್ಲಿ ಮಲಗುತ್ತಾರೆ, ನಿಮಗೇನು ಬಂದಿದೆ?" ಎಂದು ನಾನು ಕೇಳಿದೆ. ಇವರು ನಕ್ಕರು. ಇವರ ನಗು ಎಂದರೆ ಮಾತು ಮುಗಿಯಿತೆಂದು ಅರ್ಥ.

ಅತ್ತೆ ಒಪ್ಪಿದ್ದು ಮಾತ್ರ ಬೇರೆ ಕಾರಣಕ್ಕೆ. ಆ ವರ್ಷ ದಸರಾ ರಜೆಗೆ ತುಲಾಮಾಸ ಅಂಟಿಕೊಂಡೇ ಬಂದಿತ್ತು. ತುಲಾಮಾಸದಲ್ಲಿ ಕಾವೇರಿಯಲ್ಲಿ ಮುಳುಗಿದರೆ ಬರುವ ಪುಣ್ಯ ಅಷ್ಟಿಷ್ಟಲ್ಲ. ಮಾವನವರು ಹೋದಮೇಲೆ ಅತ್ತೆ ಮನೆಯ ಬಾಗಿಲು ದಾಟಿದ್ದೇ ಕಡಮೆ. ಒಪ್ಪತ್ತಿನ ಊಟ, ಬಿಳಿ ಸೀರೆ, ಜಪದ ಮಣೆ, ಅಷ್ಟೇ ಅವರ ಲೋಕ. ಹೊಳೆಯ ಮಗ್ಗುಲಲ್ಲೇ ಡೇರೆ ಎಂದು ಕೇಳಿದ ಕೂಡಲೇ ಟ್ರಂಕು ತೆಗೆದರು. ಉಡುವುದೊಂದು, ಒಣಗಿಸುವುದೊಂದು, ಅಡಿಯಲ್ಲಿ ಗಂಜಿಯೂ ಬಿಡದ ಹೊಸದೊಂದು, ಹೀಗೆ ಮೂರು ಬಿಳಿ ಸೀರೆ ಇಟ್ಟುಕೊಂಡರು. ಹೊಸದನ್ನು ಕಡೆಯ ದಿನ ಕಾವೇರಿಯಲ್ಲಿ ಮೊದಲ ನೀರು ಕಾಣಿಸಿ ಉಡಬೇಕೆಂದು ಅವರ ಆಸೆ. ಮಡಿಕೋಲನ್ನೂ ಬಿಡಲಿಲ್ಲ. ಮಳವಳ್ಳಿಯ ಬಸ್ಸಿನಲ್ಲಿ ಆ ಉದ್ದನೆಯ ಕೋಲು ಯಾರ ಕಣ್ಣಿಗೆ ಚುಚ್ಚುತ್ತದೋ ಎಂದು ದಾರಿಯುದ್ದಕ್ಕೂ ಜೀವ ಬಿಗಿಹಿಡಿದುಕೊಂಡು ಕೂತವಳು ನಾನು.

ಹಲಗೂರಿನಿಂದ ಎತ್ತಿನ ಗಾಡಿ. ಕಾಡು ಇಳಿದು, ಮುತ್ತತ್ತಿ ದಾಟಿ, ಹೊಳೆಯ ಜೊತೆಗೇ ಇನ್ನಷ್ಟು ಕೆಳಗೆ ಹೋದರೆ ಎರಡೂ ಕಡೆಯ ಗುಡ್ಡ ಒತ್ತಿಕೊಂಡು ಬರುತ್ತದೆ. ನಡುವೆ ಕಾವೇರಿ ಬಂಡೆಗಳ ಸಂದಿಯಲ್ಲಿ ನುಗ್ಗುತ್ತಾಳೆ. ಏನು ಸದ್ದು ಅಂತೀರಿ! ಪಕ್ಕದಲ್ಲಿ ನಿಂತವರ ಜೊತೆಗೂ ಕೂಗಿಯೇ ಮಾತಾಡಬೇಕು. ದಂಡೆಯ ಮೇಲೆ ಹೊಳೆಹಟ್ಟಿ ಎಂಬ ಏಳೆಂಟು ಗುಡಿಸಲು. ಅಲ್ಲಿಂದ ಸ್ವಲ್ಪ ಆಚೆಗೆ ಹೊಂಗೆಯ ನೆರಳಲ್ಲಿ ಇವರು ಡೇರೆ ಹೊಡೆಸಿದರು. ಗಾಡಿಯವನು ಹೊರಟುಹೋದ. ಸುಳ್ಳೇಕೆ ಹೇಳಲಿ, ಸಂಜೆಯ ಬಿಸಿಲು ಎದುರು ಗುಡ್ಡದ ಮೇಲೆ ಬಿದ್ದಾಗ ನನಗೂ ಇವರ ಹುಚ್ಚು ಸ್ವಲ್ಪ ಹಿಡಿಯಿತು. ನಮ್ಮ ಮನೆಯ ಹಿತ್ತಲಿನಲ್ಲಿ ಕಾಣುವುದು ಪಕ್ಕದ ಮನೆಯ ಗೋಡೆ ಒಂದೇ. ಇಲ್ಲಿ ಕಣ್ಣು ಹೋದಷ್ಟೂ ಜಾಗವಿತ್ತು.

ಮಾರನೆಯ ಬೆಳಿಗ್ಗೆ ಅತ್ತೆ ಹೊಳೆಯಲ್ಲಿ ಮುಳುಗಿ, ಒಣಗಿದ ಸೀರೆ ಉಟ್ಟು, ಒದ್ದೆಯದನ್ನು ಹಿಂಡಿಕೊಂಡು ಬಂದರು. ಎಲ್ಲಿ ಹಾಕುವುದು? ಡೇರೆಯ ಹಗ್ಗಕ್ಕೆ ಹಾಕುವಂತಿಲ್ಲ, ಆ ಡೇರೆಯನ್ನು ಯಾರು ಯಾರು ಮುಟ್ಟಿದ್ದಾರೋ. ಪೊದೆಯ ಮೇಲೆ ಹಾಕಿದರೆ ಮೇಕೆ ಮುಟ್ಟುತ್ತದೆ. ಬಂಡೆಯ ಮೇಲೆ ಹರವಿದರೆ ನಾಯಿ ದಾಟುತ್ತದೆ. ಮನೆಯಲ್ಲಾದರೆ ಸೂರಿಗೆ ಕಟ್ಟಿದ ಗಳ, ಮಡಿಕೋಲಿನಿಂದ ಎತ್ತಿ ಹಾಕಿದರೆ ಯಾರ ಕೈಗೂ ಎಟುಕುವುದಿಲ್ಲ. ಹೀಗೆ ನಿಂತಿರುವಾಗ ಅತ್ತೆಯ ಕಣ್ಣಿಗೆ ಅದು ಬಿತ್ತು. ಹೊಳೆಯ ಅಂಚಿನಲ್ಲಿ ಎಲ್ಲಕ್ಕಿಂತ ಎತ್ತರದ ಬಂಡೆ, ಅದರ ಬಿರುಕಿನಲ್ಲಿ ನಟ್ಟ ಉದ್ದನೆಯ ಬಿದಿರು ಗಳ, ತುದಿಗೆ ಅಡ್ಡಕಡ್ಡಿ ಕೂಡ ಕಟ್ಟಿದೆ.

"ನೋಡೇ ಗೋದಾ, ಪೆರುಮಾಳೇ ನಟ್ಟಿಟ್ಟ ಹಾಗಿದೆ," ಎಂದರು.

ನಾನು ಮಡಿಕೋಲಿನಿಂದ ಸೀರೆ ಎತ್ತಿ ಅಡ್ಡಕಡ್ಡಿಗೆ ಹಾಕಿದೆ. ಕೊರಕಲಿನ ಗಾಳಿಗೆ ಅದು ಪಟಪಟನೆ ಬಿಚ್ಚಿಕೊಂಡಿತು.

ಅನ್ನ ಕುದಿಯುವಷ್ಟರಲ್ಲಿ ಆಚೆ ದಡದಿಂದ ಒಂದು ಹರಿಗೋಲು ಹೊರಟಿತು. ಆ ನೀರಿನಲ್ಲಿ ಹರಿಗೋಲು ಬಿಡುವುದೆಂದರೆ ಹುಡುಗಾಟವಲ್ಲ. ಬುಟ್ಟಿ ಗಿರ್ರನೆ ತಿರುಗುತ್ತದೆ, ಒಂದು ಕಡೆ ಎದ್ದು ಇನ್ನೊಂದು ಕಡೆ ಮುಳುಗುತ್ತದೆ. ನಾನು ಸೌಟು ಹಿಡಿದುಕೊಂಡೇ ನೋಡುತ್ತ ನಿಂತೆ. ಹುಟ್ಟು ಹಾಕುತ್ತಿದ್ದವನ ಜೊತೆ ಮುದುಕಿಯೊಬ್ಬಳಿದ್ದಳು. ಮಡಿಲಲ್ಲಿದ್ದ ಗಂಟನ್ನು ನೀರು ತಾಗದಂತೆ ತಬ್ಬಿಕೊಂಡಿದ್ದಳು. ದಡ ಮುಟ್ಟಿತೋ ಇಲ್ಲವೋ, ಅವನು ಬಂಡೆ ಹತ್ತಿ ಓಡಿ ಬಂದ.

"ಯಾರ್ಗೆ ಏನಾಯ್ತವ್ವಾ? ಯಾರು ಬಟ್ಟೆ ಏರ್ಸಿದ್ದು?"

"ಯಾರಿಗೂ ಏನೂ ಆಗಿಲ್ಲಪ್ಪ. ಸೀರೆ ಒಣಗಿಹಾಕಿದ್ದೇವೆ," ಎಂದೆ.

ಅವನು ಗಳದ ಕಡೆ ನೋಡಿದ, ನನ್ನ ಕಡೆ ನೋಡಿದ. "ಸೀರೆ ಒಣಾಕಕ್ಕೆ ಈ ಗಳಾನೇ ಬೇಕಾಗಿತ್ತಾ ನಿಮ್ಗೆ? ಇದು ಜೀವದ ಮ್ಯಾಲೆ ಬಂದಾಗ ಬಟ್ಟೆ ಏರ್ಸೋ ಗಳ ಕಣವ್ವಾ. ಈ ಸದ್ದಲ್ಲಿ ಕೂಗುದ್ರೆ ಕೇಳ್ತದಾ? ಬಿಳಿ ಬಟ್ಟೆ ಕಂಡ್ರೆ ಉಣ್ತಿರೋ ಮುದ್ದೆ ಬುಟ್ಟು ಎದ್ದು ಬತ್ತೀವಿ ನಾವು. ಈ ಮುದುಕೀನ ಆ ಸುಳೀಲಿ ಕೂರುಸ್ಕಂಡು ಬಂದಿವ್ನಿ!"

ಹೀಗೆಂದವನೇ ಗಳವನ್ನು ಬಗ್ಗಿಸಿ ಸೀರೆಯನ್ನು ಎಳೆದು ಬಂಡೆಯ ಮೇಲೆ ಹಾಕಿದ. ಅತ್ತೆ ಜಪ ಬಿಟ್ಟು ಓಡಿ ಬಂದರು.

"ಅಯ್ಯೋ, ಮುಟ್ಟಿಬಿಟ್ಟನಲ್ಲೇ! ಬಾಯಲ್ಲಿ ಹೇಳಿದ್ದರೆ ನಾನೇ ತೆಗೆಸುತ್ತಿರಲಿಲ್ಲವೇನೋ? ಹೊಳೆ ನಿನ್ನ ಸ್ವತ್ತೇನೋ? ಈ ವಯಸ್ಸಿನಲ್ಲಿ ಇನ್ನೊಂದು ಸಲ ತಣ್ಣೀರಿಗೆ ಇಳಿಸಿದೆಯಲ್ಲೋ!"

ಅವನೂ ಬಾಯಿ ತೆರೆಯುವುದರಲ್ಲಿದ್ದ. ಅಷ್ಟರಲ್ಲಿ ಹರಿಗೋಲಿನಲ್ಲೇ ಕೂತಿದ್ದ ಮುದುಕಿ, "ಬುಡ್ಲಾ ಸಿದ್ದ. ಯಾರೂ ಸಾಯ್ತಿಲ್ವಲ್ಲ, ಅಷ್ಟೇ ಸಾಕು, ನಡಿ," ಎಂದು ಕೂಗಿದಳು. ಸೆರಗು ಹಿಂಡಿಕೊಂಡಳು. ಚಳಿಗೆ ಅವಳ ಗಲ್ಲ ನಡುಗುತ್ತಿತ್ತು.

ಹೊಳೆಹಟ್ಟಿಯಿಂದ ನಮಗೆ ಹಾಲು ತಂದುಕೊಡುತ್ತಿದ್ದ ಚಿಕ್ಕಮಾದಮ್ಮ ಆಮೇಲೆ ಎಲ್ಲ ಹೇಳಿದಳು. ಅವನು ಕೆಂಪಸಿದ್ದಯ್ಯ, ಹರಿಗೋಲಿನವನು. ಮುದುಕಿ ಅವನ ತಾಯಿ ಪಟ್ಟಲಮ್ಮ. ಎರಡೂ ದಡಕ್ಕೆ ಇರುವ ಸೂಲಗಿತ್ತಿ ಅವಳೊಬ್ಬಳೇ. ಹಾವು ಕಚ್ಚಿದರೆ, ಹೆರಿಗೆ ಕಷ್ಟವಾದರೆ, ಈ ಕೂಗುಬಂಡೆಯ ಗಳಕ್ಕೆ ಬಿಳಿ ಬಟ್ಟೆ ಏರಿಸುತ್ತಾರೆ. ಅವನು ನೋಡಿದ ತಕ್ಷಣ ಬರುತ್ತಾನೆ. ಸುಮ್ಮನೆ ಆಚೆ ದಾಟಬೇಕಾದವರು ಅವನಾಗಿಯೇ ಬರುವ ತನಕ ಕಾಯಬೇಕು. ಅವರಿಗೆ ಗಳ ಮುಟ್ಟುವ ಹಕ್ಕಿಲ್ಲ.

ಇಷ್ಟು ಕೇಳಿದ ಮೇಲೆ ಯಾರಾದರೂ ಆ ಗಳದ ತಂಟೆಗೆ ಹೋಗುತ್ತಾರೆಯೇ? ನಾವು ಹೋದೆವು. ಅತ್ತೆ ಆ ಸೀರೆಯನ್ನು ಮತ್ತೆ ನೀರಿಗೆ ಅದ್ದಿ, ತಾವೂ ಮತ್ತೆ ಮುಳುಗಿ ಬಂದು, ನಡುಗುತ್ತ, "ಅದಕ್ಕೇ ಹಾಕು," ಎಂದರು. ಅವನು ಮುಟ್ಟಿದ್ದಕ್ಕಿಂತ ಅವನ ಮಾತು ಅವರಿಗೆ ಹೆಚ್ಚು ಚುಚ್ಚಿತ್ತು. "ಈಗ ಅವನಿಗೆ ಗೊತ್ತಾಯಿತಲ್ಲ, ಇದು ನನ್ನ ಸೀರೆ ಅಂತ. ಇನ್ನು ಬರುವುದಿಲ್ಲ ಬಿಡು."

ನನಗೂ ಕೋಪ ಬಂದಿತ್ತು. ನನ್ನನ್ನು ಒಬ್ಬ ಹರಿಗೋಲಿನವನು ಹಾಗೆ ಗದರಿಸಿದ್ದನಲ್ಲ. ನಾನೇ ಕೋಲು ಹಿಡಿದು ಏರಿಸಿದೆ.

ಮಧ್ಯಾಹ್ನ ಇವರು ಬಂಡೆ ಬಂಡೆ ಹಾರಿ, ಕೊರಕಲೆಲ್ಲ ಸುತ್ತಿ ಬಂದರು. ಕೈಯಲ್ಲಿ ಪೆಟ್ಟಿಗೆ ಕ್ಯಾಮೆರಾ. ನಡೆದದ್ದನ್ನು ಕೇಳಿ, "ತಪ್ಪು ನಮ್ಮದಮ್ಮಾ. ಸಂಜೆ ಬೇರೆ ಬಿದಿರು ಕಡಿದು ಇಲ್ಲೇ ನೆಡುತ್ತೇನೆ," ಎಂದರು. ಸಂಜೆ ಎದುರು ಗುಡ್ಡದ ಬಣ್ಣ ನೋಡುತ್ತ ಕೂತರು. ಬಿದಿರಿನ ಮಾತು ಮರೆತೇಹೋಯಿತು.

ಎರಡನೆಯ ದಿನವೂ ಸೀರೆ ಅಲ್ಲಿಯೇ ಏರಿತು. ಕೆಂಪಸಿದ್ದಯ್ಯ ಬರಲಾರ ಎಂದುಕೊಂಡಿದ್ದೆವು. ಆದರೆ ಅವನ ಮನಸ್ಸು ತಡೆಯಲಿಲ್ಲವೋ ಏನೋ, ತಾಯಿಯನ್ನು ಬಿಟ್ಟು ಒಬ್ಬನೇ ಹೊರಟ. ನಡುಹೊಳೆಯ ತನಕ ಬಂದ. ಇವರು ಬಂಡೆಯ ಮೇಲೆ ನಿಂತು ಟೋಪಿ ಬೀಸಿದರು. ತಪ್ಪಾಯಿತು ಹೋಗಪ್ಪ ಎಂಬುದಕ್ಕೆ ಬೀಸಿದ್ದೆಂದು ಆಮೇಲೆ ಹೇಳಿದರು. ಬೀಸಿದ ಕೈಯಲ್ಲೇ ಕ್ಯಾಮೆರಾ ಹಿಡಿದು ಒಂದು ಫೋಟೋವನ್ನೂ ತೆಗೆದರು. ಗಳ, ಬಿಳಿ ಸೀರೆ, ಹಿಂದೆ ಹೊಳೆ, ಹೊಳೆಯ ನಡುವೆ ಹರಿಗೋಲು. ಎಂಥ ದೃಶ್ಯ ಸಿಕ್ಕಿತು ನೋಡು ಎಂದು ಮಕ್ಕಳ ಹಾಗೆ ಕುಣಿದರು. ಅವನು ಹರಿಗೋಲನ್ನು ತಿರುಗಿಸಿಕೊಂಡ. ಏನೋ ಕೂಗಿ ಹೇಳಿದ. ಹೊಳೆಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ, ಕೈ ಒದರಿದ್ದು ಮಾತ್ರ ಕಂಡಿತು.

ಆ ಸಂಜೆ ಚಿಕ್ಕಮಾದಮ್ಮ ಹಾಲಿನ ಚೊಂಬು ಕೆಳಗಿಟ್ಟು ನಿಂತೇ ಇದ್ದಳು.

"ಬುದ್ಯೋರೆ, ಒಂದ್ ಮಾತು. ಆ ಗಳ್ದಲ್ಲಿ ಇನ್ ಸೀರೆ ಆಕ್ಬ್ಯಾಡಿ. ನಮ್ ಮಂಚಿಗೆ ದಿನ ತುಂಬದೆ. ಚೊಚ್ಚಲು ಬ್ಯಾರೆ. ನಮ್ಮೆಜಮಾನ್ರು ಲಿಂಗಯ್ನೋರು ಸಂತೆಗೆ ಓಗವ್ರೆ. ಒತ್ತಲ್ಲದ ಒತ್ನಲ್ಲಿ ನೋವು ಸುರುವಾದ್ರೆ ನಂಗೆ ಆ ಗಳ ಬುಟ್ರೆ ಯಾರವ್ರೆ?"

ಮಂಚಮ್ಮ ಅವಳ ಮಗಳು. ಹದಿನೇಳೋ ಹದಿನೆಂಟೋ. ಬಾಣಂತನಕ್ಕೆಂದು ತೌರಿಗೆ ಬಂದವಳು, ಹಿಂದಿನ ದಿನ ತಾನೇ ನಾಚಿಕೊಂಡು ನನಗೆ ಹಿಡಿ ನೆಲ್ಲಿಕಾಯಿ ತಂದುಕೊಟ್ಟಿದ್ದಳು.

"ಖಂಡಿತ ಹಾಕುವುದಿಲ್ಲ ಚಿಕ್ಕಮಾದಮ್ಮ. ನಾಳೆ ಬೆಳಗಾಗುತ್ತಲೇ ಬೇರೆ ಗಳ ನೆಡುತ್ತೇನೆ. ನನ್ನ ಮಾತು ನಂಬು," ಎಂದರು ಇವರು.

ಡೇರೆಯ ಒಳಗಿನಿಂದ ಅತ್ತೆಯೂ ಹೇಳಿದರು: "ಹೆರುವ ಹೆಣ್ಣಿನ ವಿಷಯ. ಇನ್ನು ಅದಕ್ಕೆ ಹಾಕುವುದು ಬೇಡ ಕಣೋ ಪಾರ್ಥ." ಅತ್ತೆ ಕೆಟ್ಟವರಲ್ಲ. ಐದು ಹೆತ್ತು ಮೂರನ್ನು ಕಳೆದುಕೊಂಡವರು ಅವರು.

ಚಿಕ್ಕಮಾದಮ್ಮ ಸಮಾಧಾನದಿಂದ ಹೋದಳು.

ಬೆಳಗಾಗುತ್ತಲೇ ಇವರು ಎದ್ದದ್ದೇನೋ ನಿಜ. ಎದ್ದವರು, ಹೊಳೆ ಎಲ್ಲಕ್ಕಿಂತ ಕಿರಿದಾಗುವ ಜಾಗ ಕೆಳಗಡೆ ಇದೆಯಂತೆ, ಬಿಸಿಲೇರುವ ಮೊದಲು ನೋಡಿ ಬರುತ್ತೇನೆ ಎಂದು ನಡೆದೇಬಿಟ್ಟರು. ಚಿಕ್ಕಮಾದಮ್ಮ ಹಾಲು ತಂದಾಗ ಅವಸರದಲ್ಲಿದ್ದಳು. "ಮಂಚಿಗೆ ಸೊಂಟ ಇಡ್ಕಂಡದೆ ಗೋದಮ್ಮಾರೆ. ವಸಿ ನೋಡ್ತೀನಿ, ಜಾಸ್ತಿ ಆದ್ರೆ ಬಟ್ಟೆ ಕಟ್ಬೇಕು," ಎಂದಳು. "ಏನಾದರೂ ಬೇಕಾದರೆ ಬಂದು ಹೇಳು," ಎಂದೆ. ಎಷ್ಟು ಚೆನ್ನಾಗಿ ಹೇಳಿದೆ!

ಅತ್ತೆ ಹೊಳೆಯಿಂದ ಬಂದರು. ಕೈಯಲ್ಲಿ ಹಿಂಡಿದ ಸೀರೆ. ಮಡಿಯಲ್ಲಿ ಅದನ್ನು ಕೆಳಗೂ ಇಡುವಂತಿಲ್ಲ.

"ಗಳ ಎಲ್ಲೇ?"

"ಎಲ್ಲಿಯ ಗಳ? ನಿಮ್ಮ ಮಗ ಹೊಳೆ ನೋಡೋಕೆ ಹೋದರು."

"ಸರಿಹೋಯಿತು." ಅತ್ತೆ ಸುತ್ತಲೂ ನೋಡಿದರು. ತೋಳಿನಿಂದ ನೀರು ಸುರಿಯುತ್ತಿತ್ತು. "ಹಾಗಾದರೆ ಒಂದೇ ಒಂದು ಗಳಿಗೆ ಅದಕ್ಕೇ ಹಾಕಿಬಿಡು. ನೀರು ಇಳಿದ ಕೂಡಲೇ ತೆಗೆದರಾಯಿತು."

ನಾನು ಹಾಕಿದೆ. ಮಂಚಮ್ಮನ ಸೊಂಟ ನೋವೂ ನನ್ನ ತಲೆಯಲ್ಲಿತ್ತು, ಈ ಗಳವೂ ತಲೆಯಲ್ಲಿತ್ತು. ಎರಡೂ ಒಂದಕ್ಕೊಂದು ಸೇರಲಿಲ್ಲ. ಊದಿ ಊದಿ ಒಲೆ ಹೊತ್ತಿಸಿದೆ, ಹುಳಿಗೆ ಬೇಳೆ ಹಾಕಿದೆ, ಹಪ್ಪಳ ಕರಿದೆ. ಅತ್ತೆ ಜಪಕ್ಕೆ ಕೂತವರು ಕೂತೇ ಇದ್ದರು. ಸೀರೆ ಒಣಗಿ ಗರಿಗರಿಯಾಗಿ ಹಾರುತ್ತಿತ್ತು. ತೆಗೆಯಬೇಕು ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

ಇವರು ಬಂದು, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಚಿಕ್ಕಮಾದಮ್ಮ ಬಂದಳು. ತಲೆ ಕೆದರಿತ್ತು. ತೋಳಿನ ಮೇಲೆ ಮಗಳ ಉಗುರಿನ ಗೀರುಗಳಿದ್ದವು. ಬಂದವಳೇ ನನಗೆ ಕೈ ಮುಗಿದಳು.

"ನಿಮ್ ಒಟ್ಟೆ ತಣ್ಣಗಿರ್ಲಿ ತಾಯಿ. ನಾನು ಕೇಳೋಕ್ ಮುಂಚೇನೆ ಬಟ್ಟೆ ಏರ್ಸಿದ್ರಿ. ಗುಡ್ಲು ಬಾಗ್ಲಲ್ಲಿ ನಿಂತು ನೋಡ್ದೆ, ಗಳ್ದ ಮ್ಯಾಲೆ ಬಟ್ಟೆ ಆಡ್ತಾ ಅದೆ. ಗೋದಮ್ಮಾರು ಏರ್ಸವ್ರೆ, ಇನ್ನೇನು ಪಟ್ಟಲಮ್ಮ ಬತ್ತಾಳೆ ಕಣ್ ಮಗ, ತಡ್ಕೋ ಅಂತ ಮಂಚಿಗೆ ಏಳ್ತಾನೇ ಇವ್ನಿ. ಅವ್ನ್ಯಾಕೆ ಇನ್ನೂ ಬರ್ನಿಲ್ಲ? ಕೂಸಿನ ಕೈ ಮುಂದಾಗದೆ. ನನ್ ಕೈಲಿ ಆಗಾಕಿಲ್ಲ ಕಣ್ರವ್ವಾ!"

ಇವರ ಕೈಯ ಚೊಂಬು ಜಾರಿ ಬಿತ್ತು. ಅತ್ತೆ ಜಪದ ಮಣೆಯಿಂದ ಎದ್ದು ನಿಂತು ಗಳದ ಕಡೆ ನೋಡಿದರು.

"ಅದು ನನ್ನ ಸೀರೆ ಕಣೇ," ಎಂದರು. "ಒಣಗಲಿ ಅಂತ ಹಾಕಿಸಿದ್ದು."

ಚಿಕ್ಕಮಾದಮ್ಮ ನಂಬಲಿಲ್ಲ. ಅತ್ತೆಯ ಮುಖ ನೋಡಿದಳು, ಇವರ ಮುಖ ನೋಡಿದಳು. "ಇನ್ ಆಕಾಕಿಲ್ಲ ಅಂದ್ರಲ್ಲ ಬುದ್ಯೋರು," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಕೇಳಿದ್ದು ಅಷ್ಟೇ. ಆಮೇಲೆ ಗುಡಿಸಲಿನ ಕಡೆ ಓಡಿದಳು, ಗಂಡನ ಪಂಚೆ ಹಿಡಿದುಕೊಂಡು ಓಡಿ ಬಂದಳು.

ಎಲ್ಲರೂ ಬಂಡೆ ಹತ್ತಿದೆವು. ನಾನು ಮಡಿಕೋಲಿನಿಂದ ಸೀರೆ ಇಳಿಸಿದೆ, ಇವರು ಗಳ ಬಗ್ಗಿಸಿ ಪಂಚೆ ಕಟ್ಟಿ ಏರಿಸಿದರು. ಆಚೆ ದಡದಲ್ಲಿ ಕೆಂಪಸಿದ್ದಯ್ಯ ಕಾಣುತ್ತಿದ್ದ. ಹರಿಗೋಲನ್ನು ಬೋರಲು ಹಾಕಿಕೊಂಡು ಅದರ ತೊಗಲಿಗೆ ಏನೋ ಬಳಿಯುತ್ತಿದ್ದ. ತಲೆ ಎತ್ತಿದ. ಗಳದ ಕಡೆ ನೋಡಿದ. ಮತ್ತೆ ತಲೆ ತಗ್ಗಿಸಿ ಬಳಿಯತೊಡಗಿದ.

ಇವರು ಟೋಪಿ ತೆಗೆದು ಎರಡೂ ಕೈಯಿಂದ ಬೀಸಿದರು. ನಾನು ಸೆರಗು ಬೀಸಿದೆ. ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗಿದೆವು. ನಿನ್ನೆಯೂ ಟೋಪಿ ಬೀಸಿದ್ದರಲ್ಲ ಇವರು! ಅವನು ಒಂದು ಸಲ ಕೈ ಒದರಿ ನಮಗೆ ಬೆನ್ನು ತಿರುಗಿಸಿ ಕೂತ. ಅವನದೇನು ತಪ್ಪು? ಅವನಿಗೆ ಹಾಗೆ ಕೂರುವುದನ್ನು ಕಲಿಸಿದವರು ನಾವು. ಇವರು ಅಂಗಿ ಬಿಚ್ಚಿ ನೀರಿನ ಕಡೆ ಇಳಿಯತೊಡಗಿದರು. ಚಿಕ್ಕಮಾದಮ್ಮ ಅವರ ಕೈ ಹಿಡಿದು ಎಳೆದಳು. "ಇಳೀಬ್ಯಾಡಿ ಬುದ್ಯೋರೆ. ಆ ಸುಳೀಲಿ ಯಾರೂ ಈಜಾಕಿಲ್ಲ. ಇನ್ನೊಂದ್ ಜೀವ ಯಾಕೆ?" ಎಂದಳು. ಗುಡಿಸಲಿನಿಂದ ಯಾರೋ ಹೆಂಗಸು ಕೈಸನ್ನೆ ಮಾಡಿ ಕರೆದಳು. ಚಿಕ್ಕಮಾದಮ್ಮ ಬಿದ್ದೂ ಎದ್ದೂ ಓಡಿದಳು.

ಇವರು ಬಂಡೆಯ ಮೇಲೆ ಕುಸಿದು ಕೂತು ತಲೆ ಹಿಡಿದುಕೊಂಡರು. ನಾನು ಬೀಸುತ್ತಲೇ ಇದ್ದೆ. ಎಷ್ಟು ಹೊತ್ತು ಬೀಸಿದೆನೋ, ತೋಳು ನನ್ನದಲ್ಲ ಎನ್ನಿಸುವ ತನಕ ಬೀಸಿದೆ. ಒಳಗೆ ಮಾತ್ರ ಒಂದೇ ಮಾತು ತಿರುಗುತ್ತಿತ್ತು: ನೀರು ಇಳಿದ ಕೂಡಲೇ ತೆಗೆದರಾಯಿತು.

"ಗೋದಾ, ಸೀಮೆಎಣ್ಣೆ ತಾ," ಎಂದರು ಅತ್ತೆ.

ನನಗೆ ಅರ್ಥವಾಗಲಿಲ್ಲ.

"ಒಣಗಿಹಾಕಿದ ಸೀರೆಗೆ ಯಾರೂ ಬೆಂಕಿ ಇಡೋಲ್ಲ ಕಣೇ. ಓಡು!"

ಲಾಂದ್ರದ ಎಣ್ಣೆಯನ್ನು ನಾನೇ ಸುರಿದೆ. ಅತ್ತೆ ಸೀರೆಯನ್ನು ಮಡಿಕೋಲಿನ ತುದಿಗೆ ತಮ್ಮ ಕೈಯಿಂದಲೇ ಸುತ್ತಿದರು. ಕಡ್ಡಿ ಗೀರಿದವರೂ ಅವರೇ. ಭಗ್ಗೆಂದು ಹತ್ತಿಕೊಂಡಿತು. ಇವರು ಎದ್ದು ಕೋಲನ್ನು ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಬಂಡೆಯ ಅಂಚಿಗೆ ಹೋಗಿ, ಎರಡೂ ಕೈಯಿಂದ ಎತ್ತಿ ಹಿಡಿದು ನಿಂತರು. ಕರಿ ಹೊಗೆ ಹೊಳೆಯ ಮೇಲೆ ಹರಡಿತು. ಉರಿಯುವ ಚೂರುಗಳು ಅವರ ತಲೆಯ ಮೇಲೆ, ತೋಳಿನ ಮೇಲೆ ಬಿದ್ದವು. "ಬಿಡಿ ಅತ್ತೆ, ಸುಡುತ್ತೆ!" ಎಂದು ನಾನು ಚೀರಿದೆ. ಅವರು ಅಲುಗಾಡಲಿಲ್ಲ. ಕೆಂಪಸಿದ್ದಯ್ಯ ತಿರುಗಿದ. ಎದ್ದು ನಿಂತ. ತನ್ನ ಗುಡಿಸಲಿನ ಕಡೆ ಬಾಯಿ ಮಾಡಿ ತಾಯಿಯನ್ನು ಕೂಗುವುದು ಕಂಡಿತು. ಆಮೇಲೆ ಹರಿಗೋಲನ್ನು ಒಂದೇ ಏಟಿಗೆ ನೀರಿಗೆ ತಳ್ಳಿದ.

ಅವನು ಬಂದು ನಮ್ಮನ್ನು ಏನೂ ಕೇಳಲಿಲ್ಲ. ಮಗುವನ್ನು ಎತ್ತುವ ಹಾಗೆ ತಾಯಿಯನ್ನು ಎತ್ತಿಕೊಂಡು ಗುಡಿಸಲಿಗೆ ಓಡಿದ.

ನಾವು ಗುಡಿಸಲ ಹೊರಗೆ ಕೂತೆವು. ಅತ್ತೆ ಆ ನೆಲದ ಮೇಲೆ, ಕೋಳಿ ಓಡಾಡುವ ಜಾಗದಲ್ಲಿ, ಹಾಗೇ ಕೂತುಬಿಟ್ಟರು. ತೋಳಿನ ಮೇಲೆ ಬೊಬ್ಬೆ ಎದ್ದಿದ್ದವು. ಬೆಣ್ಣೆ ಹಚ್ಚಲು ಹೋದರೆ ಕೈ ಕೊಡವಿದರು. "ಪೆರುಮಾಳೇ, ನನ್ನ ತುಲಾಸ್ನಾನದ ಪುಣ್ಯವೆಲ್ಲ ಈ ಹುಡುಗಿಗೆ ಕೊಡು," ಎಂದು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಬೇಡುತ್ತಿದ್ದರು.

ಹೊತ್ತು ವಾಲಿದ ಮೇಲೆ ಪಟ್ಟಲಮ್ಮ ಹೊರಗೆ ಬಂದಳು. ಮೊಣಕೈ ತನಕ ತೊಳೆದುಕೊಂಡಳು.

"ಉಡುಗಿ ಉಳ್ಕಂಡ್ಲು," ಎಂದಳು. "ಕೂಸು ದಕ್ನಿಲ್ಲ. ಗಂಡು."

ಒಳಗಿನಿಂದ ಮಂಚಮ್ಮ ಅಳುವುದು ಕೇಳಿಸಿತು. ಸಣ್ಣ ದನಿ. ಚಿಕ್ಕಮಾದಮ್ಮ ಬಾಗಿಲಲ್ಲಿ ನಿಂತಿದ್ದಳು. ಪಟ್ಟಲಮ್ಮ ಅವಳ ಕಡೆ ತಿರುಗಿ, "ನೋವು ಬೆಳಿಗ್ಗೇನೆ ಸುರುವಾಯ್ತು ಅಂತೀಯ. ಆಗ್ಲೇ ಯಾಕ್ ಬಟ್ಟೆ ಕಟ್ನಿಲ್ಲ? ಒಂದ್ ಗಳ್ಗೆ ಮುಂಚೆ ಬಂದಿದ್ರೂ ತಿರುಗ್ಸಿ ಎಳ್ಕತಿದ್ದೆ," ಎಂದಳು.

"ಕಟ್ಟೇ ಇತ್ತಲ್ಲವ್ವಾ," ಎಂದಳು ಚಿಕ್ಕಮಾದಮ್ಮ.

ಯಾರೂ ನಮ್ಮ ಕಡೆ ನೋಡಲಿಲ್ಲ. ಕೆಂಪಸಿದ್ದಯ್ಯನೂ ನೋಡಲಿಲ್ಲ. ಅವನು ಗೋಡೆಗೆ ಹಣೆ ಕೊಟ್ಟು ನಿಂತಿದ್ದ. "ನಾನು ನೋಡ್ದೆ ಕಣವ್ವಾ. ಪಂಚೆ ಏರ್ಸಿದ್ದು ನೋಡ್ದೆ. ನೋಡೀನೂ ಬರ್ನಿಲ್ಲ," ಎಂದು ತಾಯಿಗೆ ಹೇಳುತ್ತಿದ್ದ. ನಮ್ಮ ಪಾಪವನ್ನು ಅವನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಇವರು ಅವನ ಹತ್ತಿರ ಹೋಗಿ, "ನಿನ್ನದಲ್ಲಪ್ಪ, ತಪ್ಪು ನಮ್ಮದು," ಎಂದರು.

ಮಣ್ಣು ಮಾಡಬೇಕಾಗಿತ್ತು. ಕೂಸಿಗೆ ಸುತ್ತಲು ಬಿಳಿ ಬಟ್ಟೆ ಬೇಕೆಂದು ಯಾರೋ ಅಂದರು. ಅತ್ತೆ ಸರಕ್ಕನೆ ಎದ್ದು ಡೇರೆಗೆ ಹೋದರು. ಟ್ರಂಕಿನ ಅಡಿಯಿಂದ ಹೊಸ ಸೀರೆ ತಂದರು. ಮಡಿಕೆಯೂ ಬಿಚ್ಚಿರಲಿಲ್ಲ. ಗುಡಿಸಲ ಹೊಸಿಲಿಗೆ ಹೋಗಿ, ಎ‌ರಡೂ ಕೈಯಿಂದ ನೀಡಿದರು. ಅವರ ಕೈ ಚಿಕ್ಕಮಾದಮ್ಮನ ಕೈಗೆ ಇನ್ನೇನು ತಾಗುವಷ್ಟು ಹತ್ತಿರವಿತ್ತು.

"ತಗೋ ತಾಯಿ. ಇದನ್ನು ಸುತ್ತು. ಹೊಸದು."

ಚಿಕ್ಕಮಾದಮ್ಮ ಒಂದು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ದಿನಾ ಹಾಲಿನ ಚೊಂಬು ಕೆಳಗಿಟ್ಟು ದೂರ ಸರಿಯುತ್ತಿದ್ದಳಲ್ಲ, ಹಾಗೆಯೇ ಸರಿದಳು.

"ಬ್ಯಾಡಿ ಅವ್ವಾರೆ," ಎಂದಳು. "ನಾವ್ ಮುಟ್ಟುದ್ರೆ ನಿಮ್ ಸೀರೆ ಮೈಲ್ಗೆ ಆಯ್ತದೆ. ಗಳ್ದ ಮ್ಯಾಲೆ ನಮ್ದೇ ಬಟ್ಟೆ ಅದಲ್ಲ."

ಕೆಂಪಸಿದ್ದಯ್ಯ ಕೂಗುಬಂಡೆಗೆ ಹೋಗಿ ಲಿಂಗಯ್ಯನ ಪಂಚೆಯನ್ನು ಇಳಿಸಿಕೊಂಡು ಬಂದ. ಅದರಲ್ಲೇ ಕೂಸನ್ನು ಸುತ್ತಿದರು. ಅವರು ಗುಡ್ಡದ ಕಡೆ ಹೊರಟುಹೋದ ಮೇಲೂ ಅತ್ತೆ ಆ ಹೊಸಿಲ ಮುಂದೆ ಸೀರೆ ನೀಡಿದ ಕೈಯಲ್ಲೇ ನಿಂತಿದ್ದರು. ನಾನು ಹೋಗಿ ಅವರ ಭುಜ ಹಿಡಿದುಕೊಂಡೆ. ನಾನು ಮೈಲಿಗೆಯಲ್ಲಿದ್ದೆ. ಅವರು ಕೊಡವಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಗಾಡಿ ಬಂತು. ಇವರು ಕ್ಯಾಮೆರಾದಿಂದ ಫಿಲ್ಮಿನ ಸುರುಳಿ ತೆಗೆದು ಬಿಸಿಲಿಗೆ ಹಿಡಿದು ಹೊಳೆಗೆ ಎಸೆದರು. ಅತ್ತೆ ಕಡೆಯ ಸ್ನಾನಕ್ಕೆಂದು ನೀರಿಗೆ ಇಳಿದರು, ಮುಳುಗಿ ಎದ್ದರು. ಬದಲಿಸಲು ಹೊಸ ಸೀರೆ ಕೊಡಹೋದರೆ ಬೇಡವೆಂದು ತಲೆ ಆಡಿಸಿದರು. ಒದ್ದೆ ಸೀರೆಯಲ್ಲೇ ಗಾಡಿ ಹತ್ತಿದರು. ಕಾಡಿನ ದಾರಿಯಲ್ಲಿ ಚಳಿಗೆ ಅವರ ಗಲ್ಲ ನಡುಗುತ್ತಿತ್ತು.

"ನಿಂತು ಎಲ್ಲಾದರೂ ಒಣಗಿಸಿಕೊಳ್ಳೋಣ ಅತ್ತೆ," ಎಂದೆ.

"ಬೇಡ," ಎಂದರು. "ಮೈ ಮೇಲೆಯೇ ಒಣಗಲಿ."